ಕಾರಿಗೆ ಟರ್ಬೊ ಕಿಟ್ ಹಾಕಿಸಿದರೆ ಪವರ್ ಹೆಚ್ಚುತ್ತದೆ, ಆದರೆ ಎಂಜಿನ್ ತಾಳುತ್ತದೆಯೇ? ಇಲ್ಲಿದೆ ಮಾಹಿತಿ

ಟರ್ಬೊ ಇಲ್ಲದೆ ಕಂಪನಿಯಿಂದ ಬಂದ ಕಾರಿಗೆ ನಂತರ ಹೊರಗಿನಿಂದ ಟರ್ಬೊ ಕಿಟ್ ಕೂರಿಸುವುದು ಕಾರುಪ್ರಿಯರ ಹಳೆಯ ಹುಚ್ಚು. ವಿಡಿಯೊಗಳಲ್ಲಿ ನೋಡಿದರೆ ಇದು ಶನಿವಾರ, ಭಾನುವಾರ ಎರಡೇ ದಿನದಲ್ಲಿ ಮುಗಿಯುವ ಕೆಲಸದಂತೆ ಕಾಣುತ್ತದೆ. ಆದರೆ ಬೋಲ್ಟ್ ಬಿಗಿಯುವುದು ಇದರಲ್ಲಿ ಸುಲಭದ ಭಾಗ. ಎಂಜಿನ್ ಉಳಿಯುತ್ತದೋ ಒಡೆಯುತ್ತದೋ ಎಂಬುದನ್ನು ನಿರ್ಧರಿಸುವುದು ಇಂಧನ, ಶಾಖ ಮತ್ತು ಟ್ಯೂನಿಂಗ್. ವಿದೇಶಗಳಲ್ಲಿ ಟರ್ಬೊ ಕಿಟ್‌ಗೆ ಹೆಸರಾದ ಟೊಯೊಟಾ 86 ಕಾರು ಇದಕ್ಕೆ ಒಳ್ಳೆಯ ಉದಾಹರಣೆ.

ಟೊಯೊಟಾ 86ಕ್ಕೆ ಟರ್ಬೊ ಏಕೆ?

ಟೊಯೊಟಾ ಮತ್ತು ಸುಬಾರು ಜೊತೆಗೂಡಿ ರೂಪಿಸಿದ ಈ ಕಾರು 2012ರಲ್ಲಿ ಮಾರುಕಟ್ಟೆಗೆ ಬಂತು. ಸುಬಾರು ಬಿಆರ್‌ಝಡ್ ಇದರ ಅವಳಿ. ಆಗ ಎರಡರಲ್ಲೂ ಇದ್ದದ್ದು ಸುಬಾರುವಿನ 2 ಲೀಟರ್, ನಾಲ್ಕು ಸಿಲಿಂಡರ್‌ಗಳ ಬಾಕ್ಸರ್ ಎಂಜಿನ್. ಪವರ್ 200 ಪಿಎಸ್, ಟಾರ್ಕ್ 205 ಎನ್‌ಎಂ. ಹಗುರ ದೇಹ, ಹಿಂಬದಿ ಚಕ್ರಗಳಿಗೆ ಪವರ್, ಚುರುಕಾದ ಸ್ಟೇರಿಂಗ್ ಇದರ ಹೆಗ್ಗಳಿಕೆ.

ಆದರೆ ಓಡಿಸಿದವರ ದೂರು ಒಂದೇ. 4,000 ಆರ್‌ಪಿಎಂ ಆಸುಪಾಸಿನಲ್ಲಿ ಟಾರ್ಕ್ ಕುಸಿದು, ಕಾರು ಉಸಿರು ಹಿಡಿದಂತೆ ಆಗುತ್ತದೆ. ಈ ಕೊರತೆಯನ್ನು ತುಂಬಲೆಂದೇ ಹಲವು ಕಂಪನಿಗಳು ಟರ್ಬೊ ಕಿಟ್‌ಗಳನ್ನು ಮಾರುಕಟ್ಟೆಗೆ ತಂದವು.

ಟರ್ಬೊ ಕೆಲಸ ಮಾಡುವುದು ಹೇಗೆ?

ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಪವರ್ ಪಡೆಯಬಹುದು.

ವಾತಾವರಣದ ಒತ್ತಡ ಸುಮಾರು 1 ಬಾರ್. ಅದರ ಮೇಲೆ 0.5 ಬಾರ್ ಬೂಸ್ಟ್ ಕೊಟ್ಟರೆ ಲೆಕ್ಕದ ಪ್ರಕಾರ ಒಂದೂವರೆ ಪಟ್ಟು ಗಾಳಿ ಒಳಹೋಗಬೇಕು. ವಾಸ್ತವದಲ್ಲಿ ಅಷ್ಟು ಹೋಗುವುದಿಲ್ಲ, ಏಕೆಂದರೆ ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕಾಗುವುದು ಇಲ್ಲಿಯೇ.

ಅಸಲಿ ಸಮಸ್ಯೆ: 12.5ರ ಕಂಪ್ರೆಷನ್

ಟೊಯೊಟಾ 86ರ ಎಂಜಿನ್‌ನ ಕಂಪ್ರೆಷನ್ ಅನುಪಾತ 12.5:1. ಅಂದರೆ ಸಿಲಿಂಡರ್‌ಗೆ ಬಂದ ಮಿಶ್ರಣವನ್ನು ಪಿಸ್ಟನ್ ಹನ್ನೆರಡೂವರೆ ಪಟ್ಟು ಅದುಮುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಿಂದ ಗರಿಷ್ಠ ಪವರ್ ತೆಗೆಯಲು ಇದು ಒಳ್ಳೆಯ ಉಪಾಯ. ಆದರೆ ಮೊದಲೇ ಒತ್ತಿದ ಗಾಳಿಯನ್ನು ಇದೇ ಎಂಜಿನ್ ಮತ್ತೆ ಅಷ್ಟು ಅದುಮಿದರೆ ಶಾಖ ವಿಪರೀತ ಏರುತ್ತದೆ. ಸ್ಪಾರ್ಕ್ ಪ್ಲಗ್‌ನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ಬಿರುಕು ಬಿಡಲು, ಬೇರಿಂಗ್ ಹಾಳಾಗಲು ಕೆಲವೇ ಕ್ಷಣಗಳ ಜೋರು ನಾಕಿಂಗ್ ಸಾಕು.

ಕಾರು ಕಂಪನಿಗಳು ಇದನ್ನು ಹೇಗೆ ನಿಭಾಯಿಸುತ್ತವೆ ಎಂಬುದಕ್ಕೆ ಸುಬಾರುವಿನದೇ ಉದಾಹರಣೆ ಇದೆ. 2015ರ ಮಾದರಿಯ ಡಬ್ಲ್ಯುಆರ್‌ಎಕ್ಸ್‌ಗೆ ಇದೇ ಕುಟುಂಬದ 2 ಲೀಟರ್ ಎಂಜಿನ್ ಅನ್ನು ಟರ್ಬೊ ಸಹಿತ ಕೊಟ್ಟಾಗ ಕಂಪನಿ ಕಂಪ್ರೆಷನ್ ಅನುಪಾತವನ್ನು 10.6:1ಕ್ಕೆ ಇಳಿಸಿತು. ಹೊರಗಿನಿಂದ ಕಿಟ್ ಹಾಕಿಸುವವರು ಸಾಮಾನ್ಯವಾಗಿ ಎಂಜಿನ್ ಬಿಚ್ಚುವುದಿಲ್ಲ. ಹಾಗಾಗಿ ಅವರು ಕಡಿಮೆ ಬೂಸ್ಟ್, ಒಳ್ಳೆಯ ಪೆಟ್ರೋಲ್ ಮತ್ತು ಎಚ್ಚರಿಕೆಯ ಟ್ಯೂನಿಂಗ್ ಅನ್ನೇ ನಂಬಿಕೊಳ್ಳಬೇಕು.

60 ವರ್ಷಗಳ ಹಿಂದಿನ ಪಾಠ

ಈ ಸಮಸ್ಯೆ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1962ರಲ್ಲಿ ತಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಟರ್ಬೊ ಹೊಂದಿದ್ದ ಮೊದಲ ಪ್ರಯಾಣಿಕ ಕಾರುಗಳಲ್ಲಿ ಒಂದು. ಅದರ ಕಂಪ್ರೆಷನ್ ಅನುಪಾತ 10.25:1. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಪ್ರತ್ಯೇಕ ಟ್ಯಾಂಕ್‌ನಿಂದ ಎಂಜಿನ್‌ಗೆ ಸಿಂಪಡಿಸಲಾಗುತ್ತಿತ್ತು. ಆದರೆ ಎಷ್ಟೋ ಮಾಲೀಕರು ಆ ಟ್ಯಾಂಕ್ ತುಂಬಿಸುವುದನ್ನೇ ಮರೆತರು. ದೂರುಗಳು ಹೆಚ್ಚಾದಾಗ ಕಂಪನಿಯೇ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಶಾಖವನ್ನು ನಿಭಾಯಿಸದ ಟರ್ಬೊ ಬಹಳ ದಿನ ಬಾಳುವುದಿಲ್ಲ ಎಂಬುದೇ ಇದರ ಪಾಠ.

ಕಿಟ್‌ನಲ್ಲಿ ಏನೇನಿರುತ್ತದೆ?

* ಟರ್ಬೊ ಮತ್ತು ಮ್ಯಾನಿಫೋಲ್ಡ್: ಹೊಗೆಯನ್ನು ಟರ್ಬೊಗೆ ತಲುಪಿಸುವ ಉಕ್ಕಿನ ಕೊಳವೆಗಳು.
* ವೇಸ್ಟ್‌ಗೇಟ್: ಬೂಸ್ಟ್ ಮಿತಿ ಮೀರದಂತೆ ಹೆಚ್ಚುವರಿ ಹೊಗೆಯನ್ನು ಬೇರೆ ದಾರಿಯಲ್ಲಿ ಬಿಡುವ ಕವಾಟ.
* ಇಂಟರ್‌ಕೂಲರ್ ಮತ್ತು ಪೈಪ್‌ಗಳು: ಬಿಸಿ ಗಾಳಿಯನ್ನು ತಣಿಸಲು.
* ಬ್ಲೋ-ಆಫ್ ವಾಲ್ವ್: ಆಕ್ಸಿಲರೇಟರ್ ಬಿಟ್ಟಾಗ ಪೈಪ್‌ನಲ್ಲಿ ಉಳಿದ ಒತ್ತಡವನ್ನು ಹೊರಹಾಕಲು.
* ಆಯಿಲ್ ಪೈಪ್‌ಗಳು: ಟರ್ಬೊ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದಕ್ಕೆ ಶುದ್ಧ ಆಯಿಲ್ ನಿರಂತರ ಸಿಗಲೇಬೇಕು.
* ದೊಡ್ಡ ಇಂಜೆಕ್ಟರ್‌ಗಳು ಮತ್ತು ಪಂಪ್: ಹೆಚ್ಚಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡಲು. ಕೆಲವು ಕಿಟ್‌ಗಳಲ್ಲಿ ಇವು ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.

ಕೂರಿಸುವಾಗ ಎಡವುವುದು ಎಲ್ಲಿ?

ಮೊದಲ ತಪ್ಪು ಎಂಜಿನ್‌ನ ಆರೋಗ್ಯ ನೋಡದೆ ಕೆಲಸ ಶುರು ಮಾಡುವುದು. ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಮತ್ತು ಸೋರಿಕೆ ಪರೀಕ್ಷೆ ಮೊದಲು ಆಗಬೇಕು. ಈಗಾಗಲೇ ಸವೆದ ಎಂಜಿನ್‌ಗೆ ಟರ್ಬೊ ಹಾಕಿದರೆ ಅದರ ಆಯುಸ್ಸು ಇನ್ನಷ್ಟು ಕುಗ್ಗುತ್ತದೆ.

ಎರಡನೆಯದು ಆಯಿಲ್ ವಾಪಸ್ ಬರುವ ದಾರಿ. ಟರ್ಬೊದಿಂದ ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಟರ್ಬೊ ತೀರಾ ಕೆಳಗೆ ಕೂತಿದ್ದರೆ ಆಯಿಲ್ ಹಿಂದಕ್ಕೆ ಎಳೆಯಲು ಪ್ರತ್ಯೇಕ ಪಂಪ್ ಬೇಕು. ಇಲ್ಲದಿದ್ದರೆ ಆಯಿಲ್ ಸೀಲ್ ದಾಟಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ ತಪ್ಪು. ಕಿಟ್ ಕೂರಿಸಿದ ಖುಷಿಯಲ್ಲಿ ಹಳೆಯ ಇಸಿಯು ಪ್ರೋಗ್ರಾಂನಲ್ಲೇ ಕಾರನ್ನು ಜೋರಾಗಿ ಓಡಿಸುವುದು. ಸಾಮಾನ್ಯ ಓಟದಲ್ಲಿ ಪೆಟ್ರೋಲ್ ಎಂಜಿನ್‌ಗೆ ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸಾಕು. ಪೂರ್ಣ ಬೂಸ್ಟ್‌ನಲ್ಲಿ ಟ್ಯೂನರ್‌ಗಳು ಗಾಳಿಯ ಪಾಲನ್ನು 11ರಿಂದ 12ರ ಆಸುಪಾಸಿಗೆ ಇಳಿಸುತ್ತಾರೆ. ಹೆಚ್ಚುವರಿ ಪೆಟ್ರೋಲ್ ಸಿಲಿಂಡರನ್ನು ತಣ್ಣಗಿಡುತ್ತದೆ. ವೈಡ್‌ಬ್ಯಾಂಡ್ ಸೆನ್ಸರ್ ಅಳವಡಿಸಿ, ಡೈನೊ ಮೇಲೆ ಕಡಿಮೆ ಬೂಸ್ಟ್‌ನಿಂದ ಶುರುಮಾಡಿ, ಹಂತ ಹಂತವಾಗಿ ಟ್ಯೂನ್ ಮಾಡುವುದೊಂದೇ ಸುರಕ್ಷಿತ ದಾರಿ.

ಟ್ಯೂನಿಂಗ್ ಯಾವ ಪೆಟ್ರೋಲ್‌ಗೆ ಆಗಿದೆಯೋ ಅದನ್ನೇ ತುಂಬಿಸಬೇಕು. ಹೆಚ್ಚು ಆಕ್ಟೇನ್‌ನ ಇಂಧನಕ್ಕೆ ಟ್ಯೂನ್ ಮಾಡಿದ ಕಾರಿಗೆ ಹೆದ್ದಾರಿ ಬದಿಯಲ್ಲಿ ಸಿಕ್ಕ ಸಾಮಾನ್ಯ ಪೆಟ್ರೋಲ್ ಹಾಕಿ ಬೂಸ್ಟ್ ಕೊಟ್ಟರೆ ನಾಕಿಂಗ್ ಅಪಾಯ ಮತ್ತೆ ಎದುರಾಗುತ್ತದೆ.

ಖರ್ಚು ಕಿಟ್‌ಗೇ ಮುಗಿಯುವುದಿಲ್ಲ

ಟಾರ್ಕ್ ಹೆಚ್ಚಾದರೆ ಮೊದಲು ಜಾರುವುದು ಕ್ಲಚ್. ನಂತರ ಬ್ರೇಕ್, ಟೈರ್, ಆಯಿಲ್ ಕೂಲರ್‌ಗಳ ಸರದಿ. ಟೊಯೊಟಾ 86ರಲ್ಲಿ ಬೂಸ್ಟ್ ಏರಿಸುತ್ತಾ ಹೋದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ಗಳೇ ದುರ್ಬಲ ಕೊಂಡಿ ಎಂಬುದು ಟ್ಯೂನರ್‌ಗಳ ಸಾಮಾನ್ಯ ಎಚ್ಚರಿಕೆ. ಆಯಿಲ್ ಬದಲಾವಣೆಯ ಅವಧಿಯೂ ಕಡಿಮೆಯಾಗುತ್ತದೆ. ಕಿಟ್‌ಗೆ ಇಟ್ಟಷ್ಟೇ ಹಣವನ್ನು ಉಳಿದ ಕೆಲಸಗಳಿಗೂ ತೆಗೆದಿಡಲಾಗದಿದ್ದರೆ ಈ ಯೋಜನೆಗೆ ಕೈಹಾಕದಿರುವುದೇ ಲೇಸು.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಟೊಯೊಟಾ 86 ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲಿಲ್ಲ. ಆದರೆ ಇಲ್ಲಿನ ಟರ್ಬೊ ಇಲ್ಲದ ಪೆಟ್ರೋಲ್ ಕಾರುಗಳಿಗೆ ಇದೇ ಕೆಲಸ ಮಾಡಿಸುವವರು ಮುಂಬೈ, ಪುಣೆ, ಚೆನ್ನೈ, ಬೆಂಗಳೂರಿನಲ್ಲೂ ಇದ್ದಾರೆ. ಅವರು ತಿಳಿದಿರಬೇಕಾದ ವಿಷಯಗಳಿವು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಆರ್‌ಸಿ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಸೆಕ್ಷನ್ ಅಡಿ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ವಿಮೆಯ ವಿಚಾರವೂ ಗಂಭೀರ. ಮಾರ್ಪಾಡನ್ನು ಮುಚ್ಚಿಟ್ಟಿದ್ದರೆ ಅಪಘಾತವಾದಾಗ ಕ್ಲೇಮ್ ತಿರಸ್ಕೃತವಾಗುವ ಅಪಾಯವಿದೆ. ಕಂಪನಿಯ ವಾರಂಟಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಅಮೆರಿಕದಲ್ಲೂ ಎಲ್ಲವೂ ಮುಕ್ತವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಕಿಟ್ ಹಾಕಿದ ಕಾರು ರಸ್ತೆಗಿಳಿಯಬೇಕಾದರೆ ಆ ಕಿಟ್‌ಗೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮೋದನೆ ಇರಬೇಕು.

ಹಾಗಾದರೆ ಏನು ಮಾಡಬೇಕು?

ಟರ್ಬೊ ಕಿಟ್‌ನ ಕಾರಿಗೆ ಸೂಕ್ತ ಜಾಗ ರೇಸ್ ಟ್ರ್ಯಾಕ್. ಚೆನ್ನೈ, ಕೊಯಮತ್ತೂರು ಮತ್ತು ಗ್ರೇಟರ್ ನೋಯ್ಡಾದಲ್ಲಿ ಟ್ರ್ಯಾಕ್‌ಗಳಿವೆ. ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗದೆ ಟ್ರಕ್‌ನಲ್ಲಿ ಸಾಗಿಸಬೇಕು. ದಿನವೂ ಆಫೀಸಿಗೆ, ಊರಿಗೆ ಒಂದೇ ಕಾರು ಬೇಕೆನ್ನುವವರಿಗೆ ಕಂಪನಿಯೇ ಟರ್ಬೊ ಕೊಟ್ಟ ಕಾರು ಕೊಳ್ಳುವುದು ಒಳ್ಳೆಯ ಆಯ್ಕೆ. ಅದರ ಪಿಸ್ಟನ್, ಕಂಪ್ರೆಷನ್, ಕೂಲಿಂಗ್ ಎಲ್ಲವೂ ಮೊದಲ ದಿನದಿಂದಲೇ ಬೂಸ್ಟ್‌ಗೆಂದು ರೂಪುಗೊಂಡಿರುತ್ತವೆ.