ಲಸಿಕೆ: ಹಾಕಿದ್ದೋ, ಹತ್ತಿದ್ದೋ?

ಮುಂಬೈಯ ಯಾವುದೇ ಮಹಾನಗರಪಾಲಿಕೆ ದವಾಖಾನೆಯ ಮುಂದೆ ಮಗುವನ್ನೆತ್ತಿ ನಿಂತ ಕನ್ನಡಿಗರಿಗೆ ಒಂದೇ ಸೂಜಿಗೆ ಮೂರು ಹೆಸರು ಸಿಗುತ್ತವೆ. ಫಲಕದ ಮರಾಠಿಯಲ್ಲಿ ಅದು ‘ಲಸ್’, ಸಾಲಿನಲ್ಲಿ ನಿಂತವರ ಹಿಂದಿಯಲ್ಲಿ ‘ಟೀಕಾ’, ಮನೆಯ ಕನ್ನಡದಲ್ಲಿ ‘ಲಸಿಕೆ’. ಟೀಕಾ ಎಂಬುದು ಚರ್ಮದ ಮೇಲಿನ ಗುರುತನ್ನು ಹೇಳುವ ಮಾತು. ವ್ಯಾಕ್ಸಿನ್ ಎನ್ನುವವರು ಹಸುವಿನ ಲ್ಯಾಟಿನ್ ಹೆಸರಾದ ‘ವಾಕ್ಕಾ’ವನ್ನು ನೆನೆಯುತ್ತಾರೆ. ಹಳೆಯ ಮರಾಠಿಗರು ‘ದೇವಿ ಕಾಢಣೆ’ ಎಂದು ಸಿಡುಬಿನ ಹೆಸರನ್ನೇ ಅದರ ತಡೆಗೂ ಇಟ್ಟರು. ನಮ್ಮ ಚುಚ್ಚುಮದ್ದು ಸೂಜಿಯ ಕಡೆ ಬೆರಳು ತೋರಿಸುತ್ತದೆ. ಗುರುತು, ಹಸು, ದೇವಿ, ಸೂಜಿ ಎಲ್ಲವೂ ಮೈಯ ಹೊರಗಿನವು. ಮರಾಠಿಯ ‘ಲಸ್’ನಂತೆ ಮೈಯೊಳಗಿನದೊಂದನ್ನು ಹೆಸರಿಸುವುದು ಲಸಿಕೆ. ಆದ್ದರಿಂದ ಈ ಕೆಲಸಕ್ಕೆ ಅದೇ ಹೆಚ್ಚು ಒಪ್ಪುವ ಪದ ಎಂಬುದು ನನ್ನ ವಾದ.

ಸಂಸ್ಕೃತದ ‘ಲಸೀಕಾ’ ಔಷಧದ ಹೆಸರಲ್ಲ. ಚರ್ಮದಡಿ ಇರುವ, ಗಾಯವಾದಾಗ ಒಸರುವ ತಿಳಿದ್ರವಕ್ಕೆ ಚರಕಸಂಹಿತೆ ಕೊಡುವ ಹೆಸರು ಅದು. ಹಳ್ಳಿಯ ಕನ್ನಡದ ‘ರಸಿಕೆ’ ಸದ್ದಿನಲ್ಲೂ ಅರ್ಥದಲ್ಲೂ ಅದರ ನೆರೆಮನೆಯದೇ. ಈ ಒಸರು ಮದ್ದಾಗಿದ್ದಕ್ಕೆ ಮುಂಬೈಯೇ ಸಾಕ್ಷಿ. ಇಂಗ್ಲೆಂಡಿನ ವೈದ್ಯ ಜೆನ್ನರ್ ಕಂಡುಕೊಂಡ ದನದ ಸಿಡುಬಿನ ದ್ರವ ವಿಯೆನ್ನಾ, ಬಾಗ್ದಾದ್, ಬಸ್ರಾಗಳನ್ನು ದಾಟಿ ಇಲ್ಲಿಗೆ ಬಂತು. 1802ರ ಜೂನ್ 14ರಂದು ಇಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿಗೆ ಅದನ್ನು ಹಾಕಿದರು. ಭಾರತದಲ್ಲಿ ಮೊದಲು ಫಲಿಸಿದ್ದು ಅದೇ. ಆ ತೋಳಿನಲ್ಲೆದ್ದ ಗುಳ್ಳೆಯ ದ್ರವವನ್ನು ಬೇರೆ ಮಕ್ಕಳಿಗೆ ಹಾಕಿದರು. ಹಾಗೆ ತೋಳಿನಿಂದ ತೋಳಿಗೆ ದಾಟುತ್ತ ಅದು ದೇಶದ ಉಳಿದ ಊರುಗಳಿಗೆ ನಡೆಯಿತು. ಆಗ ಲಸಿಕೆ ಎಂದರೆ ಅಕ್ಷರಶಃ ಇನ್ನೊಂದು ಮೈಯ ಲಸೀಕೆ. ಮುಂದೆ ಕರುಗಳ ಚರ್ಮದಲ್ಲಿ ಅದನ್ನು ಬೆಳೆಸತೊಡಗಿದಾಗ ಮುಂಬೈ ಪ್ರಾಂತ್ಯಕ್ಕೆ ಅದು ಹೋಗುತ್ತಿದ್ದದ್ದು ಕನ್ನಡ ನೆಲದ ಬೆಳಗಾವಿಯಿಂದ. ಅಲ್ಲಿನ ಟಿಳಕವಾಡಿಯ ಆ ಜಾಗವನ್ನು ಜನ ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ.

ಆದರೆ ಪದ ಒಪ್ಪುವುದು ಚರಿತ್ರೆಯೊಂದರಿಂದಲ್ಲ, ಲಸಿಕೆ ಮೈಯೊಳಗೆ ಮಾಡಿಸುವ ಕೆಲಸದಿಂದಲೂ. ಸಿಡುಬಿನ ಲಸಿಕೆಯಲ್ಲಿ ಇದ್ದದ್ದು ಸಿಡುಬಿನ ವೈರಾಣುವಲ್ಲ, ಅದರ ದಾಯಾದಿಯಾದ ವ್ಯಾಕ್ಸೀನಿಯಾ ಎಂಬ ಜೀವಂತ ವೈರಾಣು. ಕವಲು ಸೂಜಿಯಿಂದ ಚರ್ಮಕ್ಕೆ ಹತ್ತಾರು ಬಾರಿ ಕುಟುಕಿ ಅದನ್ನು ಬಿಡುತ್ತಿದ್ದರು. ಮೂರು ನಾಲ್ಕು ದಿನಕ್ಕೆ ಕೆಂಪು ಗಂಟು, ವಾರದೊಳಗೆ ನೀರುಗುಳ್ಳೆ, ಆಮೇಲೆ ಕೀವು, ಮೂರನೆಯ ವಾರಕ್ಕೆ ಹಕ್ಕಳೆ ಉದುರಿ ಕಲೆ. ಹೊರಗಣ್ಣಿಗೆ ಕಂಡದ್ದು ಇಷ್ಟೇ. ಒಳಗೆ, ಚರ್ಮದ ಕಾವಲು ಕಣಗಳು ವೈರಾಣುವಿನ ತುಣುಕುಗಳನ್ನು ಹೊತ್ತು ದುಗ್ಧರಸದ, ಅಂದರೆ ಆ ಲಸೀಕೆಯದೇ, ನಾಳಗಳಲ್ಲಿ ಕಂಕುಳ ಗ್ರಂಥಿಗಳಿಗೆ ಹೋಗುತ್ತವೆ. ಲಸಿಕೆ ಹಾಕಿದ ಎರಡನೆಯ ವಾರದಲ್ಲಿ ಕಂಕುಳು ಊದಿ ನೋಯುತ್ತಿದ್ದದ್ದು ಇದರಿಂದಲೇ. ಅಲ್ಲಿ ಆ ತುಣುಕಿಗೆ ಹೊಂದುವ ಬಿ-ಕಣಗಳು ದಂಡುಕಟ್ಟಿ ಪ್ರತಿಕಾಯಗಳನ್ನು ಹೊರಡಿಸುತ್ತವೆ, ಟಿ-ಕಣಗಳು ಸೋಂಕು ಹತ್ತಿದ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ಸತ್ತು, ಕೆಲವು ನೆನಪಾಗಿ ಉಳಿಯುತ್ತವೆ. ಸಿಡುಬು ಮೈಯಲ್ಲಿ ಹೊಂಚುಹಾಕಿ ಹೊರಬೀಳಲು ಸುಮಾರು ಹನ್ನೆರಡು ದಿನ ಬೇಕು. ಲಸಿಕೆಯ ಓಟ ಅದಕ್ಕಿಂತ ಚುರುಕು. ಅದರಿಂದಲೇ ರೋಗಿಯ ಸಂಪರ್ಕವಾದ ಮೂರು ನಾಲ್ಕು ದಿನದೊಳಗೆ ಹಾಕಿದರೂ ಅದು ಕಾಪಾಡುತ್ತಿತ್ತು. ಹೀಗೆ ಕಾಪಾಡಿದ್ದು ಸೂಜಿಯಲ್ಲಿ ಬಂದ ದ್ರವವಲ್ಲ. ಅದನ್ನು ಎದುರುಗೊಂಡ ನಮ್ಮದೇ ದ್ರವ, ಅದರಲ್ಲಿ ಓಡಾಡುವ ಕಣಗಳು.

ಇದಕ್ಕೆ ಆಕ್ಷೇಪಗಳುಂಟು. ಚರಕನಿಗೆ ಟಿ-ಕಣ ಗೊತ್ತಿತ್ತೇ ಎಂದರೆ, ಇಲ್ಲ. ಪದ ಇಲ್ಲಿ ಒಪ್ಪಿದ್ದು ಆಕಸ್ಮಿಕ, ಅದನ್ನು ಪೂರ್ವಜರ ಜ್ಞಾನವೆಂದು ಹೊಗಳುವುದು ಸುಳ್ಳು. ಪೋಲಿಯೊ ಹನಿಯಲ್ಲಿ, ಕೋವಿಡ್ಡಿನ ಎಂಆರ್‌ಎನ್‌ಎಯಲ್ಲಿ ಯಾವ ಲಸೀಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಶೀಷೆಯಲ್ಲಿರುವುದು ಬದಲಾದರೂ ಅದು ಮೈಯಿಂದ ಮಾಡಿಸುವ ಕೆಲಸ ಬದಲಾಗಿಲ್ಲ. ಹನಿ, ಚುಚ್ಚು ಎರಡಕ್ಕೂ ಹೊಂದುವುದು ಈ ಪದವೇ. ಇನ್ನು, ನೆನಪು ಉಳಿದ ಮಾತ್ರಕ್ಕೆ ರಕ್ಷಣೆ ಉಳಿಯುತ್ತದೆಯೇ ಎಂಬುದು ಗಟ್ಟಿ ಆಕ್ಷೇಪ. 25ರಿಂದ 75 ವರ್ಷಗಳ ಹಿಂದೆ ಸಿಡುಬಿನ ಲಸಿಕೆ ಪಡೆದವರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿಯಲ್ಲಿ ಪ್ರತಿಕಾಯವೋ ಟಿ-ಕಣದ ನೆನಪೋ ಉಳಿದಿತ್ತು; ಪ್ರತಿಕಾಯ ಸ್ಥಿರವಾಗಿತ್ತು, ಟಿ-ಕಣಗಳು ನಿಧಾನಕ್ಕೆ ಕರಗುತ್ತಿದ್ದವು. ಆದರೂ ಆರೋಗ್ಯ ಇಲಾಖೆಗಳು ಪೂರ್ಣ ರಕ್ಷಣೆಯನ್ನು ಕೆಲವೇ ವರ್ಷ ನಂಬಿ ಮರುಲಸಿಕೆ ಹಾಕಿಸುತ್ತಿದ್ದವು. ಇದು ವಾದವನ್ನು ಕೆಡಿಸುವುದಿಲ್ಲ. ಹೊರಗಿನಿಂದ ಸುರಿದ ವಸ್ತುವಾಗಿದ್ದರೆ ಅದು ಎಂದೋ ಖಾಲಿಯಾಗಬೇಕಿತ್ತು. ಮೈ ಕಲಿತದ್ದಾದ್ದರಿಂದ ಮಾಸಿದರೂ ಮರುಕಳಿಸುತ್ತದೆ. ಮರುಲಸಿಕೆಯ ಗುಳ್ಳೆ ಬೇಗನೆ ಎದ್ದು ಬೇಗನೆ ಆರುತ್ತಿದ್ದದ್ದು ಅದಕ್ಕೇ.

ಹಾಗಿದ್ದರೆ ತಿದ್ದಬೇಕಾದದ್ದು ಪದವನ್ನಲ್ಲ, ಅದರ ಬೆನ್ನಿಗಿರುವ ಕ್ರಿಯಾಪದವನ್ನು. ‘ಲಸಿಕೆ ಹಾಕಿಸಿದೆವು’ ಎಂದರೆ ಎಲ್ಲ ಮುಗಿದಂತೆ ಕೇಳಿಸುತ್ತದೆ. ಸಿಡುಬಿನ ಕಾಲದಲ್ಲಿ ಹಾಕಿದವರು ಒಂದು ವಾರ ಬಿಟ್ಟು ಮತ್ತೆ ಬಂದು ತೋಳು ನೋಡುತ್ತಿದ್ದರು. ಗುಳ್ಳೆ ಎದ್ದಿರದಿದ್ದರೆ ಮತ್ತೆ ಹಾಕುತ್ತಿದ್ದರು. ಉಂಡದ್ದರ ಬಗ್ಗೆ ಕನ್ನಡದ ತಾಯಂದಿರು ಕೇಳುವ ಪ್ರಶ್ನೆಯೇ ಅವರದೂ: ಮೈಗೆ ಹತ್ತಿತೇ?