ಬತ್ತೀನಿ, ಬರ್ತೀನಿ: ಎರಡರ ತಾಳವೂ ಒಂದೇ

ಮೈಸೂರಿನ ಕುವೆಂಪುನಗರದಲ್ಲಿ ರಸ್ತೆಗಳ ಬೋರ್ಡು ಓದುತ್ತಾ ನಡೆದರೆ ಸಾಹಿತ್ಯದ ಅರ್ಧ ಪಾಠ ಮುಗಿದಂತೆ. ಉದಯರವಿ ರಸ್ತೆ ಕುವೆಂಪು ಅವರ ಮನೆಯ ಹೆಸರು. (ಮನೆ ಇರುವುದು ಇಲ್ಲಲ್ಲ, ಒಂಟಿಕೊಪ್ಪಲಿನಲ್ಲಿ.) ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿ ರಸ್ತೆ ಅವರ ವಿಚಾರದಿಂದ ಬಂದವು. ನೃಪತುಂಗ ರಸ್ತೆ ಇನ್ನೂ ಸಾವಿರ ವರ್ಷ ಹಿಂದಕ್ಕೆ, ರಾಷ್ಟ್ರಕೂಟರ ಕಾಲಕ್ಕೆ ಕರೆದುಕೊಂಡು ಹೋಗುತ್ತದೆ.

ಇದೇ ರಸ್ತೆಗಳಲ್ಲಿ ಮಂಡ್ಯ, ನಂಜನಗೂಡು, ಕೊಳ್ಳೇಗಾಲ, ಎಚ್.ಡಿ. ಕೋಟೆ ಕಡೆಯಿಂದ ಬಂದ ಹುಡುಗ ಹುಡುಗಿಯರು ರೂಮು ಮಾಡಿಕೊಂಡು ಓದುತ್ತಾರೆ, ಕೆಲಸ ಹುಡುಕುತ್ತಾರೆ. ಬಂದ ಕೆಲವೇ ತಿಂಗಳಲ್ಲಿ ಬದಲಾಗುವುದು ಮಾತು. 'ಬತ್ತೀನಿ' ಹೋಗಿ 'ಬರ್ತೀನಿ' ಆಗುತ್ತದೆ. 'ಓಯ್ತೀನಿ' ಹೋಗಿ 'ಹೋಗ್ತೀನಿ' ಆಗುತ್ತದೆ. ಯಾರೋ ಒಬ್ಬರು ನಕ್ಕಿರುತ್ತಾರೆ, ಅಷ್ಟು ಸಾಕು. ಊರಿನಿಂದ ಅವ್ವ ಫೋನ್ ಮಾಡಿದಾಗ ಮಾತ್ರ, ಅಕ್ಕಪಕ್ಕ ನೋಡಿ, ಹಳೆಯ ಮಾತು ಹೊರಗೆ ಬರುತ್ತದೆ.

ನಗುವವರು ಏನನ್ನು ತಪ್ಪು ಅನ್ನುತ್ತಾರೋ ಅದನ್ನು ಸ್ವಲ್ಪ ಅಳೆದು ನೋಡೋಣ. ಅಳತೆಗೋಲು ಶಾಲೆಯಲ್ಲಿ ಕಲಿತ ಛಂದಸ್ಸೇ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು.

ಪುಸ್ತಕದ 'ಹೋಗುತ್ತೇನೆ' ಏಳು ಮಾತ್ರೆ. ಮೈಸೂರು ನಗರದ 'ಹೋಗ್ತೀನಿ' ಐದು. ಮಂಡ್ಯದ 'ಓಯ್ತೀನಿ'? ಅದೂ ಐದೇ. 'ಬರುತ್ತೇನೆ' ಆರು, 'ಬರ್ತೀನಿ' ಐದು, 'ಬತ್ತೀನಿ' ಐದು. ಧಾರವಾಡದವರ 'ಬರ್ತೇನ್ರಿ' ಕೂಡ ಐದು. ಬಾಯಲ್ಲೇ ಹೇಳಿ, ತೊಡೆ ತಟ್ಟಿ ನೋಡಿ.

ಅಂದರೆ ಪುಸ್ತಕದಿಂದ ನಗರದ ಬಾಯಿಗೆ ಬರುವಷ್ಟರಲ್ಲಿ ಮಾತ್ರೆ ಉದುರಿದೆ, ಅದಕ್ಕೆ ಯಾರೂ ನಗುವುದಿಲ್ಲ. ನಗರದ ಮಾತಿಗೂ ಹಳ್ಳಿಯ ಮಾತಿಗೂ ನಡುವೆ ಒಂದು ಮಾತ್ರೆಯೂ ವ್ಯತ್ಯಾಸವಿಲ್ಲ, ನಗು ಇರುವುದು ಅಲ್ಲಿ!

'ಬರ್ತೀನಿ'ಯಲ್ಲಿ ಇದ್ದ ರಕಾರ ಹೋದಾಗ ಅದರ ಜಾಗ ಖಾಲಿ ಬೀಳಲಿಲ್ಲ, ತಕಾರ ಇಮ್ಮಡಿಯಾಗಿ ತುಂಬಿಕೊಂಡಿತು. ಇದು ಹಳ್ಳಿಯವರು ನಿನ್ನೆ ಮೊನ್ನೆ ಮಾಡಿದ ಸೋಮಾರಿತನವಲ್ಲ. ಹಳಗನ್ನಡದ 'ಪೆರ್ಚು' ಇವತ್ತಿನ 'ಹೆಚ್ಚು' ಆಗಿದ್ದು ಇದೇ ದಾರಿಯಲ್ಲಿ. 'ಕರ್ಚು' ಅನ್ನುವುದು 'ಕಚ್ಚು' ಆಯಿತು. ಎಲ್ಲದರಲ್ಲೂ ರಕಾರ ಹೋಯಿತು, ಮುಂದಿನ ವ್ಯಂಜನ ಇಮ್ಮಡಿಯಾಯಿತು, ತೂಕ ಹಾಗೇ ಉಳಿಯಿತು. 'ಹೆಚ್ಚು' ಎಂದು ಬರೆದರೆ ಶುದ್ಧ ಕನ್ನಡ, 'ಬತ್ತೀನಿ' ಎಂದರೆ ಅಶುದ್ಧ ಅನ್ನುವುದು ಯಾವ ನ್ಯಾಯವೋ ಕಾಣೆ.

ಹಕಾರದ ಕತೆಯೂ ಅಂಥದ್ದೇ. ಹಳಗನ್ನಡದಲ್ಲಿ 'ಪೋಗು', 'ಪತ್ತು'. ಆಮೇಲಿನ ಶತಮಾನಗಳಲ್ಲಿ ಪಕಾರ ಸಡಿಲವಾಗಿ 'ಹೋಗು', 'ಹತ್ತು'. ಹಳೆ ಮೈಸೂರಿನ ಹಳ್ಳಿಗಳಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಓಗು', 'ಅತ್ತು'. ಮೊದಲ ಹೆಜ್ಜೆಗೆ ಭಾಷೆಯ ಬೆಳವಣಿಗೆ ಎಂಬ ಹೆಸರು, ಎರಡನೆಯದಕ್ಕೆ ಗಮಾರ ಭಾಷೆ ಎಂಬ ಹೆಸರು. ಮಾತ್ರೆ ಎಣಿಸಿ: 'ಪೋಗು', 'ಹೋಗು', 'ಓಗು' ಮೂರಕ್ಕೂ ಮೂರು ಮೂರೇ.

ಕನ್ನಡ ಇಷ್ಟು ಜೋಪಾನವಾಗಿ ತೂಕ ಕಾಯುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರ ಮೇಲೆ ಅರ್ಥ ನಿಂತಿದೆ. 'ನಡು' ಎಳೆದರೆ 'ನಾಡು', 'ಬಿಡು' ಎಳೆದರೆ 'ಬೀಡು'. 'ಹಳಿ' ರೈಲಿನದು, 'ಹಳ್ಳಿ' ನಮ್ಮದು. ಇಂಗ್ಲಿಷಿನ ನಡೆ ಬೇರೆ. ಅಲ್ಲಿ ಒತ್ತು ಬಿದ್ದ ಜಾಗ ಉಬ್ಬುತ್ತದೆ, ಉಳಿದವು ಸೊರಗುತ್ತವೆ. ನಾವು 'ವೆಜಿಟೇಬಲ್' ಎಂದು ನಾಲ್ಕು ಅಕ್ಷರಕ್ಕೂ ಪಾಲು ಕೊಟ್ಟರೆ ಅವರು 'ವೆಜ್ಟಬಲ್' ಎಂದು ನುಂಗುತ್ತಾರೆ. ಡೇವಿಡ್ ಅಬರ್‌ಕ್ರೋಂಬಿ ಎಂಬ ವಿದ್ವಾಂಸ 1967ರ ತನ್ನ ಪುಸ್ತಕದಲ್ಲಿ ಜಗತ್ತಿನ ಭಾಷೆಗಳನ್ನೆಲ್ಲ ಹೀಗೆ ಎರಡು ಗುಂಪು ಮಾಡಿದ. ಇಂಗ್ಲಿಷ್, ರಷ್ಯನ್, ಅರಬ್ಬಿ ಒಂದು ಕಡೆ. ಫ್ರೆಂಚ್, ಆಫ್ರಿಕಾದ ಯೊರೂಬಾ, ನಮ್ಮ ಪಕ್ಕದ ತೆಲುಗು ಇನ್ನೊಂದು ಕಡೆ. ಆಮೇಲೆ ಯಂತ್ರದಲ್ಲಿ ಅಳೆದವರಿಗೆ ಅಷ್ಟು ಕಟ್ಟುನಿಟ್ಟಾದ ಗೆರೆ ಸಿಗಲಿಲ್ಲ. ಆದರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ನಮ್ಮ ಇಂಗ್ಲಿಷ್ 'ಹಳ್ಳಿ ಇಂಗ್ಲಿಷ್' ಅನ್ನಿಸಿಕೊಳ್ಳುವುದರ ಹಿಂದೆ ಇರುವುದು ಬಹುಪಾಲು ಈ ಎರಡು ನಡೆಗಳ ಜಗಳ, ದಡ್ಡತನವಲ್ಲ.

ಹಳ್ಳಿಯ ಬಾಯಿ ಲಯದ ವಿಷಯದಲ್ಲಿ ಯಾರಿಗೂ ಸಾಲಗಾರನಲ್ಲ. ಬಾದಾಮಿಯ ತಟ್ಟುಕೋಟೆಯಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಹೊತ್ತಿನದು. ಅದರಲ್ಲಿ ತ್ರಿಪದಿಗಳಿವೆ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹೇಳುತ್ತಿದ್ದ ಪದಗಳದ್ದೂ ಅದೇ ಮೂರು ಸಾಲಿನ ಕಟ್ಟು. ನಮಗೆ ಸಿಕ್ಕಿರುವ ಮೊದಲ ಪೂರ್ತಿ ಕನ್ನಡ ಗ್ರಂಥ 'ಕವಿರಾಜಮಾರ್ಗ' ಬಂದದ್ದು ಅದಾದ ಮೇಲೆ, ನೃಪತುಂಗನ ಆಸ್ಥಾನದಲ್ಲಿ, 850ರ ಆಸುಪಾಸು. ಓದು ಕಲಿಯದ ಜನವೂ ಕಾವ್ಯದಲ್ಲಿ ಪಳಗಿದವರು ಎಂದು ಆ ಗ್ರಂಥವೇ ಒಪ್ಪಿಕೊಳ್ಳುತ್ತದೆ.

ತ್ರಿಪದಿಯ ಲೆಕ್ಕ ಮಾತ್ರೆಯದಲ್ಲ, ಅಂಶದ್ದು. ಸುಮಾರು 990ರಲ್ಲಿ ನಾಗವರ್ಮ 'ಛಂದೋಂಬುಧಿ' ಬರೆದಾಗ ಇದನ್ನೂ ವಿವರಿಸಿದ. ಎರಡು ಅಂಶದ್ದು ಬ್ರಹ್ಮಗಣ, ಮೂರರದ್ದು ವಿಷ್ಣುಗಣ, ನಾಲ್ಕರದ್ದು ರುದ್ರಗಣ. ತ್ರಿಪದಿಗೆ ಒಟ್ಟು ಹನ್ನೊಂದು ಗಣ: ನಾಲ್ಕು, ನಾಲ್ಕು, ಮೂರು. ಆರನೆಯದು, ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಅಂಶದ ಗುಟ್ಟು ಏನೆಂದರೆ ಅದು ಜಗ್ಗುತ್ತದೆ. ಗಣದ ಮೊದಲ ಅಂಶದಲ್ಲಿ ಒಂದು ಉದ್ದ ಅಕ್ಷರ ಇರಬಹುದು, ಇಲ್ಲವೇ ಎರಡು ಗಿಡ್ಡ. ಮುಂದಿನ ಅಂಶಗಳಲ್ಲಿ ಉದ್ದವೋ ಗಿಡ್ಡವೋ ಒಂದೊಂದೇ ಅಕ್ಷರ, ಕಡಿಮೆ ಬಿದ್ದದ್ದನ್ನು ಹಾಡುವವಳು ಎಳೆದು ತುಂಬುತ್ತಾಳೆ. ಹೀಗಾಗಿ ಒಂದೇ ವಿಷ್ಣುಗಣಕ್ಕೆ ಎಂಟು ರೂಪ. ಕಾಗದದ ಮೇಲೆ ಎಣಿಸಿದವನಿಗೆ ತಪ್ಪಿದಂತೆ ಕಾಣುತ್ತದೆ. ರಾಗಿ ಬೀಸುವವಳಿಗೆ ತಪ್ಪುವುದೇ ಇಲ್ಲ, ಕಲ್ಲು ತಿರುಗುವ ಹೊತ್ತೇ ಅವಳ ತಾಳ.

ಪಂಡಿತರು ಬಾಯಿಯ ಕಡೆ ಕಿವಿ ಕೊಡಲೇ ಇಲ್ಲ ಎಂದಲ್ಲ. ಹದಿಮೂರನೇ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಕೇಶಿರಾಜ ಶಿಥಿಲದ್ವಿತ್ವದ ಮಾತು ತೆಗೆಯುತ್ತಾನೆ. ಕೆಲವು ಒತ್ತಕ್ಷರಗಳನ್ನು ಜನ ತೇಲಿಸಿ ಆಡುವುದರಿಂದ ಅವುಗಳ ಹಿಂದಿನ ಅಕ್ಷರ ಹಗುರವಾಗಿಯೇ ಉಳಿಯುತ್ತದೆ ಎಂಬ ಲೆಕ್ಕ ಅದು. ಬರೆದದ್ದು ಒಂದು, ಆಡುವುದು ಒಂದಾದಾಗ ವ್ಯಾಕರಣಕಾರ ಆಡುವ ಕಡೆಗೆ ನಿಂತ.

ಇನ್ನು ಬಡಾವಣೆಗೆ ಹೆಸರು ಕೊಟ್ಟ ಕವಿ. 'ಶ್ರೀ ರಾಮಾಯಣ ದರ್ಶನಂ' ಬರೆಯುವಾಗ ಕುವೆಂಪು ಪ್ರಾಸದ ಕಟ್ಟು ಬಿಚ್ಚಿದರು, ಮಾತು ಸಾಲಿನಿಂದ ಸಾಲಿಗೆ ಹರಿಯಲು ಬಿಟ್ಟರು. ಅದರ ತಳದಲ್ಲಿರುವುದು ಸರಳ ರಗಳೆ, ಐದು ಮಾತ್ರೆಯ ಗಣಗಳ ನಡೆ. ಅವರ ಭಾಷೆ ಸಂಸ್ಕೃತ, ಹಳಗನ್ನಡದ ಗಾಂಭೀರ್ಯದ್ದು, ನಮ್ಮ ಜಗಲಿಯದಲ್ಲ, ನಿಜ. ಆದರೂ ಬರೀ ಲೆಕ್ಕಕ್ಕೆ ಹೇಳುವುದಾದರೆ 'ಬತ್ತೀನಿ' ಒಂದು ಗಣ, 'ಓಯ್ತೀನಿ' ಇನ್ನೊಂದು.

ಜಗಲಿಯ ಮಾತನ್ನೇ ಹಾಳೆಗೆ ತಂದವರು ನಂಜನಗೂಡು ಸೀಮೆಯ ದೇವನೂರ ಮಹಾದೇವ. ಅವರ 'ಕುಸುಮಬಾಲೆ' 1984ರಲ್ಲಿ ಬಂತು. ಇಡೀ ಪುಸ್ತಕ ಆ ಕಡೆಯ ಆಡುಮಾತು. ಓದಲು ಕಷ್ಟ, ಅರ್ಥವಾಗುವುದಿಲ್ಲ ಎಂದವರಿದ್ದರು. ಕಣ್ಣಲ್ಲಿ ಓದಿದರೆ ಕಷ್ಟವೇ. ಗಟ್ಟಿಯಾಗಿ ಓದಿದರೆ ನಮ್ಮೂರ ಕಟ್ಟೆಯ ಮೇಲೆ ಕೂತಂತೆ ಕೇಳಿಸುತ್ತದೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಚನಗಳನ್ನು, ಹಳೆಯ ಕಾವ್ಯಗಳನ್ನು ಜೀವನವಿಡೀ ಸಂಪಾದಿಸಿದ ಎಲ್. ಬಸವರಾಜು ಮುಂದೆ ಆ ಗದ್ಯವನ್ನೇ ಕೈಗೆತ್ತಿಕೊಂಡು ಪದ್ಯದ ಸಾಲುಗಳಾಗಿ ಜೋಡಿಸಿಟ್ಟರು.