ಸ್ಪ್ಲಿಟ್-ಹೊರೈಜನ್ ಡಿಎನ್‌ಎಸ್

ಸ್ಪ್ಲಿಟ್-ಹೊರೈಜನ್ ಡಿಎನ್‌ಎಸ್ ಎಂಬುದು ಒಂದೇ ಡೊಮೇನ್ ಹೆಸರಿಗೆ, ಪ್ರಶ್ನೆ ಎಲ್ಲಿಂದ ಬಂದಿತೆಂಬುದನ್ನು ಅನುಸರಿಸಿ, ಬೇರೆ ಬೇರೆ ಐಪಿ ವಿಳಾಸಗಳನ್ನು ನೀಡುವ ವ್ಯವಸ್ಥೆ. ಸಂಸ್ಥೆಯ ಒಳಗಿನ ಗಣಕಗಳಿಗೆ 192.168.1.10ರಂತಹ ಖಾಸಗಿ ವಿಳಾಸವೂ ಹೊರಗಿನವರಿಗೆ ಸಾರ್ವಜನಿಕ ವಿಳಾಸವೂ ದೊರೆಯುತ್ತದೆ.

ದೋಷಗಳು ಮತ್ತು ಪತ್ತೆ

ಹೊರಗಿನ ವಲಯಕ್ಕೆ ಸೇರಿಸಿದ ಹೊಸ ಹೆಸರನ್ನು ಒಳಗಿನ ವಲಯಕ್ಕೂ ಸೇರಿಸದಿದ್ದರೆ, ಆ ಜಾಲತಾಣ ಹೊರಗೆ ತೆರೆದುಕೊಂಡರೂ ಕಚೇರಿಯೊಳಗೆ ತೆರೆದುಕೊಳ್ಳುವುದಿಲ್ಲ. ಒಳಗಿನ ಸರ್ವರ್ ಆ ವಲಯಕ್ಕೆ ತಾನೇ ಅಧಿಕೃತವಾದುದರಿಂದ, ಹೊರಗೆ ವಿಚಾರಿಸದೆ ‘ಹೆಸರು ಇಲ್ಲ’ ಎಂದು ಉತ್ತರಿಸುತ್ತದೆ. ಗಣಕದಲ್ಲಿ ಒಳಗಿನ ಸರ್ವರಿನ ಜೊತೆಗೆ 8.8.8.8ರಂತಹ ಸಾರ್ವಜನಿಕ ಸರ್ವರನ್ನೂ ನಮೂದಿಸಿದ್ದರೆ ಉತ್ತರ ಆಗಾಗ ಬದಲಾಗಬಹುದು. ಡಿಗ್ ಅಥವಾ ಎನ್‌ಎಸ್‌ಲುಕಪ್ ಆದೇಶದಿಂದ ಎರಡೂ ಸರ್ವರ್‌ಗಳನ್ನು ಪ್ರತ್ಯೇಕವಾಗಿ ಪ್ರಶ್ನಿಸಿ, ಉತ್ತರಗಳನ್ನು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಉತ್ತರಗಳು ಸರಿಯಿದ್ದೂ ತಾಣ ತೆರೆಯದಿದ್ದಲ್ಲಿ, ಕ್ಯಾಶ್‌ನಲ್ಲಿ ಉಳಿದ ಹಳೆಯ ವಿಳಾಸವನ್ನೂ ಬ್ರೌಸರಿನ ಪ್ರತ್ಯೇಕ ಡಿಎನ್‌ಎಸ್ ಆಯ್ಕೆಯನ್ನೂ ಪರಿಶೀಲಿಸಬೇಕು.